ಧರ್ಮದರ್ಶನದ ಸಾಲಿನಲ್ಲಿ ನಿನ್ನ ಪಾಠ

ಕುರುಗೋಡು
ಗುರುವಾರ, 12 ಜೂನ್ 2025

ಪ್ರೀತಿಯ ಜಯಕ್ಕ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದೂವರೆ ವರ್ಷದಿಂದ ನಿನ್ನಿಂದ ಮುಚ್ಚಿಟ್ಟ ಮಾತನ್ನು ಬರೆದುಬಿಡುತ್ತೇನೆ. ಅದನ್ನು ಎರಡನೇ ಪುಟಕ್ಕೆ ಇಟ್ಟುಕೊಂಡರೆ ನಾನು ಅಲ್ಲಿಯವರೆಗೆ ತಲುಪುವುದೇ ಇಲ್ಲ. ನಿನ್ನ ಸಂಜೆಯ ಆನ್‌ಲೈನ್ ಗಣಿತ ಪಾಠವನ್ನು ಮಕ್ಕಳು ಬಿಟ್ಟು ಹೋದದ್ದು ನಿನಗೆ ಕಲಿಸಲು ಬರುವುದಿಲ್ಲ ಎಂದಲ್ಲ. ಪಾಠ ಅವರ ಮನೆಗಳಿಗೆ ಸರಿಯಾಗಿ ಹೋಗಲೇ ಇಲ್ಲ. ಹೋಗದ ಹಾಗೆ ಮಾಡಿದ್ದು ಊರಿಗೆ ಇಂಟರ್ನೆಟ್ ಕೊಡುವ, ನಾನು ಕೆಲಸ ಮಾಡುವ ಶಶಿ ನೆಟ್‌ನ ಕಂಪ್ಯೂಟರ್. ಅದರ ಮುಂದೆ ಕುಳಿತು ಹಾಗೆ ಮಾಡು ಎಂದು ಅದಕ್ಕೆ ಹೇಳಿದವನು ನಾನು, ನಿನ್ನ ತಮ್ಮ.

ಕಾಗದ ಕೆಳಗಿಡಬೇಡ. ಪೂರ್ತಿ ಓದು, ಆಮೇಲೆ ಬೈಯಿ.

ಫೋನಿನಲ್ಲಿ ಹೇಳಬಹುದಿತ್ತು. ಈ ವಾರ ಮೂರು ಸಲ ಮಾಡಿದೆ. ಮೂರು ಸಲವೂ ನೀನು ‘ಏನಪಾ, ಉಂಡ್ಯಾ?’ ಎಂದೆ, ನಾನು ಉಂಡೆ ಎಂದು ಹೇಳಿ ಇಟ್ಟುಬಿಟ್ಟೆ. ಕಾಗದವಾದರೆ ನಡುವೆ ನೀನು ಮಾತಾಡುವುದಿಲ್ಲ, ನನಗೆ ತಪ್ಪಿಸಿಕೊಳ್ಳಲು ಜಾಗ ಸಿಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಅಂಚೆಯ ಉಚ್ಚೆಂಗೆಪ್ಪ ಮಾಮ ಲಕೋಟೆಯ ಒಳಗೆ ಏನಿದೆ ಎಂದು ನೋಡಿ ಒಂದನ್ನು ಬೇಗ, ಒಂದನ್ನು ನಿಧಾನ ಮಾಡುವುದಿಲ್ಲ. ಮದುವೆ ಕಾರ್ಡು, ಬ್ಯಾಂಕಿನ ನೋಟಿಸು, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಒಂದೇ ಬಸ್ಸಿಗೆ ಕಳಿಸುತ್ತಾನೆ. ಇಷ್ಟು ಸಣ್ಣ ಸಂಗತಿ ಎಷ್ಟು ದೊಡ್ಡದು ಎಂದು ನನಗೆ ಈಚೆಗೆ ಗೊತ್ತಾಗುತ್ತಿದೆ.

ಅವಸರ ಯಾಕೆಂದರೆ, ಹೈಸ್ಕೂಲಿನ ಹೆಡ್ ಮಾಸ್ತರರು ಈ ವರ್ಷ ಮತ್ತೆ ಅತಿಥಿ ಶಿಕ್ಷಕಿಯಾಗಿ ಬಾ ಎಂದು ನಿನ್ನನ್ನು ಕರೆದಿದ್ದಾರೆ, ಬುಧವಾರದೊಳಗೆ ತಿಳಿಸಬೇಕು ಎಂದು ಅವ್ವ ಹೇಳಿದಳು. ನೀನು ಒಲ್ಲೆ ಎನ್ನುವವಳಿದ್ದೀಯಂತೆ. ‘ನನಗ ಕಲಿಸಾಕ ಬರಾಂಗಿಲ್ಲಬೇ. ಒಮ್ಮಿ ನೋಡಿದ್ನಲ್ಲ, ಸಾಕು’ ಎಂದೆಯಂತೆ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಲಾರಿಗಳ ಗೇಟ್ ಪಾಸ್ ಬರೆಯುವುದೇ ವಾಸಿ, ಭತ್ತ ಎದ್ದು ಹೋಗುವುದಿಲ್ಲ ಎಂದೆಯಂತೆ. ಅವ್ವ ಅದನ್ನು ನಗುತ್ತ ಹೇಳಿದಳು. ನಾನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ.

2023ರ ಜೂನಿನಲ್ಲಿ ನೀನು ಪಾಠ ಶುರು ಮಾಡಿದ್ದನ್ನು ನೆನಪು ಮಾಡಿಕೋ. ಒಳಮನೆಯ ಗೋಡೆಗೆ ಕಪ್ಪು ಬಣ್ಣ ಬಳಿದವನು ನಾನು. ಎದುರಿಗೆ ನೀರಿನ ಕೊಡ, ಅದರ ಮೇಲೆ ತಾಟು, ತಾಟಿನ ಮೇಲೆ ಡಬ್ಬಿ, ಡಬ್ಬಿಗೆ ಒರಗಿಸಿದ ಫೋನು. ‘ನಿಮ್ಮ ಸಾಲಿ ಮುಗಿಯೋತನ ನಾವು ನೀರು ಕುಡಿಯಾಂಗಿಲ್ಲೇನು?’ ಎಂದು ಅವ್ವ ಗೊಣಗಿದ್ದು ಮೊದಲ ದಿನವೇ ಎಲ್ಲರ ಮನೆಗೂ ಕೇಳಿಸಿ, ಮಕ್ಕಳು ನಕ್ಕು ಆ ನಗುವಿನಲ್ಲೇ ಪಾಠ ಕಟ್ಟಿಕೊಂಡಿತು. ಟ್ಯೂಷನ್ನಿಗೆ ಬಳ್ಳಾರಿಯವರೆಗೆ ಹೋಗಿ ಬರಲಾಗದ ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಏಳರಿಂದ ಎಂಟು, ಪುಕ್ಕಟೆ. ದಸರೆಯ ಹೊತ್ತಿಗೆ ನೂರಾ ನಲವತ್ತು ಮಕ್ಕಳು. ಜನವರಿಯ ಕೊನೆಯ ದಿನ ನಾಲ್ಕೇ ಹೆಸರು ಉಳಿದಿದ್ದವು. ಅದರಲ್ಲೂ ಒಂದು ಆ ಕೊಟ್ರಮ್ಮ, ಎಂದೂ ಉತ್ತರ ಕೊಡದವಳು. ‘ಕೊಟ್ರಮ್ಮ, ಇವತ್ತರ ಒಂದು ಮಾತಾಡವಾ’ ಎಂದು ನೀನು ದಿನಾ ಕೇಳುತ್ತಿದ್ದೆ. ಆ ದಿನ ಚಾಕ್‌ಪೀಸನ್ನು ಕಿಟಕಿಯಲ್ಲಿಟ್ಟು ಬಂದೆ. ಅದು ಇನ್ನೂ ಅಲ್ಲೇ ಇದೆ.

ನಾನು ಒಂಬತ್ತನೇ ತರಗತಿ ಬಿಟ್ಟ ಕಥೆ ನಿನಗೆ ಗೊತ್ತು. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಪಾಠಗಳೆಲ್ಲ ಮುಗಿದಿವೆಯಾ ಎಂದು ಕೇಳಿದಾಗ ಎಲ್ಲರೂ ಮುಗಿದಾವ್ರಿ ಎಂದರು. ನಾನೊಬ್ಬ ಎದ್ದು ‘ಇನ್ನಾ ನಾಕು ಅದಾವ್ರಿ’ ಎಂದೆ. ಸಾಹೇಬರು ಹೋದ ಮೇಲೆ ಮಾಸ್ತರರು ಹೊಡೆದದ್ದನ್ನು ತಡೆದುಕೊಂಡೆ. ‘ನಿನ್ನಿಂದ ಸಾಲಿ ಮರ್ಯಾದಿ ಹೋತು’ ಎಂದದ್ದನ್ನು ತಡೆಯಲಾಗಲಿಲ್ಲ. ನೀನು ತಿಂಗಳುಗಟ್ಟಲೆ ಬೈದೆ. ಆಮೇಲೆ ಬಂದವರ ಮುಂದೆಲ್ಲ ‘ನಮ್ಮ ಮಾರೇಶ ಓದಲಿಲ್ಲ ಖರೆ, ಆದ್ರ ಸುಳ್ಳು ಹೇಳಾಂಗಿಲ್ಲ’ ಎನ್ನತೊಡಗಿದೆ. ಈ ಒಂದೂವರೆ ವರ್ಷದಲ್ಲಿ ನೀನು ಹಾಗೆಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗಿದ್ದೇನೆ. ಅದನ್ನು ನೀನು ಸಂಕೋಚ ಎಂದುಕೊಂಡೆ.

ಈಗ ನಾನು ಮಾಡಿದ್ದನ್ನು ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಭಿನ್ನರಾಶಿಯನ್ನು ನೀನು ನನಗೆ ರೊಟ್ಟಿ ಮುರಿದೇ ಹೇಳಿಕೊಟ್ಟದ್ದು.

ಶಶಿ ನೆಟ್‌ನಲ್ಲಿ ಇಡೀ ಕುರುಗೋಡಿಗೆ ಬಳ್ಳಾರಿಯಿಂದ ಒಂದೇ ಲೈನ್ ಬರುತ್ತದೆ. ಗುಡ್ಡದ ಮಗ್ಗುಲಿನ ಓಣಿಗಳಲ್ಲಿ ಫೋನಿನ ಸಿಗ್ನಲ್ ನಿಲ್ಲುವುದಿಲ್ಲ, ಅಲ್ಲಿಯವರಿಗೆಲ್ಲ ಈ ಲೈನೇ ಗತಿ. ಸಂಜೆ ಎಲ್ಲರೂ ಒಮ್ಮೆಲೇ ಫೋನ್ ಹಿಡಿದಾಗ ಅದರಲ್ಲಿ ನೂಕುನುಗ್ಗಲು. ಅದು ಯಾರ ತಪ್ಪೂ ಅಲ್ಲ. ಆದರೆ ಆ ನೂಕುನುಗ್ಗಲಿನಲ್ಲಿ ಯಾವುದು ಮುಂದೆ ಹೋಗಬೇಕು, ಯಾವುದು ಕಾಯಬೇಕು ಎಂದು ಆಫೀಸಿನ ಯಂತ್ರಕ್ಕೆ ಹೇಳಿಕೊಡಬಹುದು. ಆ ವರ್ಷ ದೀಪಾವಳಿ ಮುಗಿದ ವಾರ ಗುರಿಮುಟ್ಟು ಎಂಬ ಕೋಚಿಂಗ್ ಆ್ಯಪ್‌ನವರು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ಮಾಲೀಕರ ಆಫೀಸಿಗೆ ಬಂದರು. ಅವರದೂ ಏಳು ಗಂಟೆಗೇ ಲೈವ್ ಪಾಠ. ಒಳಗೆ ಏನು ಮಾತಾಯಿತೋ, ಮರುದಿನ ಮಾಲೀಕ ಶಶಿಕಾಂತ್, ಅಂದರೆ ನಮ್ಮ ಶಶಿಯಣ್ಣ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಪಟ್ಟಿ ಮಾಡಿಸಿದ. ಮುಂದೆ ಬಿಡುವ ಪಟ್ಟಿಯಲ್ಲಿ ಗುರಿಮುಟ್ಟು. ತಡೆಯುವ ಪಟ್ಟಿಯಲ್ಲಿ, ಯಾರು ಬೇಕಾದರೂ ಪುಕ್ಕಟೆ ಲೈವ್ ಮಾಡಬಹುದಾದ ಸೈಟುಗಳು. ನೀನು ಪಾಠ ಮಾಡುತ್ತಿದ್ದದ್ದೂ ಅದರಲ್ಲೇ.

‘ದೇವಸ್ಥಾನದಾಗ ಎರಡು ಸಾಲು ಇರ್ತಾವಲ್ಲ, ಇದು ಸ್ಪೆಷಲ್ ದರ್ಶನ, ಇದು ಧರ್ಮದರ್ಶನ’ ಎಂದ ಶಶಿಯಣ್ಣ. ‘ಯಾರನ್ನೂ ಹೊರಗ ಹಾಕಿಲ್ಲ. ಎಲ್ಲಾರಿಗೂ ದೇವರು ಕಾಣ್ತಾನ. ಸ್ವಲ್ಪ ಹೆಚ್ಚು ಕಡಿಮಿ, ಅಷ್ಟ.’ ಸಂಜೆ ಏಳರಿಂದ ಒಂಬತ್ತರವರೆಗೆ ಮಾತ್ರ. ಹಗಲು ಯಾರು ನೋಡಿದರೂ ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಅದನ್ನು ಮಾಡುವಾಗ ನನಗೆ ಹೆಮ್ಮೆಯಾಗಿತ್ತು, ಅಕ್ಕ. ಬಳ್ಳಾರಿಯ ಇಂಜಿನಿಯರ್ ಎರಡು ದಿನ ಒದ್ದಾಡಿ ಬಿಟ್ಟದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮಾಡಿದೆ. ‘ಒಂಬತ್ತು ಬಿಟ್ಟಾಂವ ನೋಡ್ರಿ’ ಎಂದು ಶಶಿಯಣ್ಣ ಎಲ್ಲರೆದುರು ಬೆನ್ನು ತಟ್ಟಿದ. ನಿನ್ನ ಪಾಠ ಯಾವ ಸೈಟಿನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು. ಗೊತ್ತಿತ್ತು.

ಗೊತ್ತಿದ್ದುದಕ್ಕೇ ಒಂದು ಜಾಣತನ ಮಾಡಿದೆ. ಲೈನಿನ ಕೆಲಸದವರ ಮನೆಗಳಿಗೆ ಸ್ಟಾಫ್ ಲೈನ್ ಎಂದು ಬೇರೆ ಇಡುವುದು ನಮ್ಮಲ್ಲಿ ರೂಢಿ. ಆ ಮನೆಗಳಿಗೆ ಯಾವ ಪಟ್ಟಿಯೂ ತಾಗುವುದಿಲ್ಲ. ಕಂಡಕ್ಟರ್ ತನ್ನ ಹೆಂಡತಿಗೆ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ನಮ್ಮ ಮನೆಯನ್ನು ನಾನು ಅದಕ್ಕೆ ಸೇರಿಸಿದೆ. ಅಕ್ಕನ ಪಾಠ ಮನೆಯಿಂದ ಸಲೀಸಾಗಿ ಹೊರಟಿತು, ಅಕ್ಕನಿಗೆ ನನ್ನಿಂದ ತೊಂದರೆಯಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪಾಠ ಹೊರಡುವುದು ಬೇರೆ, ಮುಟ್ಟುವುದು ಬೇರೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದರೂ ಅದನ್ನು ಹಿಡಿದು ನೋಡಲಿಲ್ಲ.

ಈ ಉಪಕಾರವೇ ನಿನಗೆ ಹೆಚ್ಚು ಕೇಡು ಮಾಡಿತು. ಮಕ್ಕಳು ‘ಅಕ್ಕೋರೆ ನಿಂತುಬಿಡ್ತು’, ‘ಅಕ್ಕೋರೆ ದನಿ ಬರವಲ್ದು’ ಎಂದು ಬರೆಯುತ್ತಿದ್ದರು. ನೀನು ನಮ್ಮ ಮನೆಯಲ್ಲಿ ಕುಳಿತು ನಿನ್ನದೇ ವಿಡಿಯೊ ಹಾಕಿ ನೋಡುತ್ತಿದ್ದೆ. ಕನ್ನಡಿಯ ಹಾಗೆ ಸ್ವಚ್ಛ. ನಿನಗೆ ಕಂಡದ್ದು ಅದು, ಅವರಿಗೆ ಕಂಡದ್ದು ಬೇರೆ. ಆದರೂ ನೀನು ಮಕ್ಕಳನ್ನು ನಂಬಿದೆ, ಮನೆಮನೆಗೆ ಹೋಗಿ ನೋಡಿಕೊಂಡು ಬಾ ಎಂದು ನನ್ನನ್ನೇ ಕಳಿಸಿದೆ.

ಹೋದೆ. ದೂರು ಕೊಟ್ಟವರ ಮನೆಯಲ್ಲಿ ನಾವು ಮಾಡುವ ಕೆಲಸ ಒಂದೇ. ಅವರ ಫೋನಿನಲ್ಲಿ ಸ್ಪೀಡ್ ಅಳೆಯುವ ಸೈಟು ತೆರೆದು, ಮುಳ್ಳು ಸರ್ರನೆ ಏರುವುದನ್ನು ತೋರಿಸುವುದು. ‘ನೋಡ್ರಿ, ಲೈನ್ ಚೊಲೋ ಐತಿ. ನಿಮ್ಮ ಫೋನು ಹಳೇದಾಗೈತಿ’ ಎನ್ನುವುದು. ಅಳೆಯುವ ಆ ಸೈಟು ಯಾವಾಗಲೂ ಸ್ಪೆಷಲ್ ದರ್ಶನದ ಪಟ್ಟಿಯಲ್ಲಿರುತ್ತದೆ, ಅಕ್ಕ. ಅದನ್ನು ಅಲ್ಲಿ ಹಾಕಿದವನೂ ನಾನೇ. ಯಾರು ಯಾವಾಗ ಅಳೆದರೂ ಮುಳ್ಳು ಏರಿಯೇ ಏರುತ್ತದೆ. ಆ ಡಿಸೆಂಬರಿನಲ್ಲಿ ನಲವತ್ತು ಮನೆಗಳಲ್ಲಿ ನಾನು ಆ ಮುಳ್ಳು ತೋರಿಸಿದೆ. ಬಂದು ನಿನಗೆ ಹೇಳಿದೆ: ‘ಲೈನ್ ಸರಿ ಐತಕ್ಕ. ಅವರ ಫೋನ್‌ದಾಗ ತೊಂದ್ರಿ.’

ಅಲ್ಲಿಂದ ಮುಂದಿನದು ನಿನಗೆ ಗೊತ್ತು. ಗುಡ್ಡದ ಓಣಿಯ ಪಾರಮ್ಮನ ಮಗಳು ದುರ್ಗಾದೇವಿ ಮತ್ತೊಮ್ಮೆ ನಿಂತುಬಿಟ್ಟಿತು ಎಂದಾಗ ನೀನು ಎಲ್ಲರೆದುರು ‘ನೆವ ಹೇಳಬ್ಯಾಡ ದುರ್ಗಾ, ಓದಾಕ ಮನಸ್ಸಿಲ್ಲಂದ್ರ ಹೇಳಿಬಿಡು’ ಎಂದೆ. ನೀನು ಅಂಥ ಮಾತು ಆಡುವವಳಲ್ಲ. ನನ್ನ ಮುಳ್ಳನ್ನು ನಂಬಿ ಆಡಿದೆ. ಆ ಹುಡುಗಿ ಮರುದಿನದಿಂದ ಬರಲಿಲ್ಲ. ಆಮೇಲೆ ನೀನು ನಿನ್ನನ್ನೇ ತಿದ್ದಿಕೊಳ್ಳಲು ಹೊರಟೆ. ದನಿ ಏರಿಸಿದೆ, ಕಥೆ ಸೇರಿಸಿದೆ, ಬೆಲ್ಲದ ಅಚ್ಚು ತಂದು ಘನಫಲ ಹೇಳಿದೆ. ಒಂದು ಸಂಜೆ ನಾನು ಬಂದಾಗ ನೀನು ಕನ್ನಡಿಯ ಮುಂದೆ ನಿಂತು ವರ್ಗ ಸಮೀಕರಣವನ್ನು ನಿನಗೆ ನೀನೇ ಹೇಳಿಕೊಳ್ಳುತ್ತಿದ್ದೆ, ಎಲ್ಲಿ ಬೇಸರ ಬರುತ್ತದೆ ಎಂದು ಹುಡುಕುತ್ತ. ಆ ಕ್ಷಣವೇ ಹೇಳಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ನೀನು ಸಿರುಗುಪ್ಪಕ್ಕೆ ಹೋದ ಮೇಲೆ ಇದು ಮುಗಿದ ಮಾತು ಎಂದುಕೊಂಡಿದ್ದೆ. ಪಟ್ಟಿ ಮಾತ್ರ ಹಾಗೇ ಇತ್ತು. ಅದನ್ನು ನಾನು ಮರೆತೂ ಇರಲಿಲ್ಲ, ತೆಗೆದೂ ಇರಲಿಲ್ಲ.

ಮೂರು ವಾರದ ಹಿಂದೆ ಗುಡ್ಡದ ಕೋತಿಗಳು ಪಾರಮ್ಮನ ಮನೆಯ ವೈರ್ ಕಿತ್ತವು. ಕಟ್ಟಲು ಹೋದೆ. ಪಾರಮ್ಮ, ದುರ್ಗಾದೇವಿ ಇಬ್ಬರೂ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರು. ಮನೆಯೆಲ್ಲ ಘಾಟು, ನನಗೆ ಒಂದೇ ಸಮ ಸೀನು. ‘ಏನಪಾ ನೆಟ್ಟಿನ ಸಾಹೇಬ, ಕಂಬ ಹತ್ತಾಂವ ಮೆಣಸಿನಕಾಯಿಗೆ ಹೆದರ್ತಿಯಲ್ಲ’ ಎಂದು ಪಾರಮ್ಮ ಚೇಷ್ಟೆ ಮಾಡಿದಳು. ದುರ್ಗಾ ನಗಲಿಲ್ಲ. ಅವಳು ಕಳೆದ ವರ್ಷ ಗಣಿತದಲ್ಲಿ ಫೇಲಾಗಿ ಮನೆಯಲ್ಲಿದ್ದಾಳೆ. ನಾನು ಏಣಿ ಎತ್ತುವಾಗ ಮೆಲ್ಲಗೆ ಕೇಳಿದಳು: ‘ಅಣ್ಣಾ, ಅಕ್ಕೋರಿಗೆ ನನ್ನ ಮ್ಯಾಲೆ ಇನ್ನಾ ಸಿಟ್ಟೈತೇನು? ನಾನು ನೆವ ಹೇಳಿದ್ದಿಲ್ಲಣ್ಣ.’

‘ನೀನು ಹೇಳಿದ ಮ್ಯಾಲ ಹೊಸ ಫೋನೂ ತಂದ್ವಿ’ ಎಂದಳು ಪಾರಮ್ಮ. ‘ಅದರಾಗೂ ಹಂಗ ನಿಲ್ತಿತ್ತು. ನಮ್ಮ ಹಣಿಬಾರ ಅಂತ ಸುಮ್ಮನಾದ್ವಿ.’

ದುರ್ಗಾ ಒಳಗೆ ಹೋಗಿ ನೋಟ್‌ಬುಕ್ ತಂದು ತೋರಿಸಿದಳು. ಸಾಕ್ಷಿ ಕೊಡುವ ಹಾಗೆ. ನಿನ್ನ ಪಾಠದ ಪ್ರತಿಯೊಂದು ಲೆಕ್ಕವನ್ನೂ ಬರೆದುಕೊಂಡಿದ್ದಾಳೆ. ಎಲ್ಲೆಲ್ಲಿ ವಿಡಿಯೊ ನಿಂತಿತೋ ಅಲ್ಲಲ್ಲಿ ಒಂದು ಗೆರೆ ಖಾಲಿ ಬಿಟ್ಟಿದ್ದಾಳೆ, ಆಮೇಲೆ ಅಕ್ಕೋರನ್ನು ಕೇಳಿ ತುಂಬಿಸೋಣ ಎಂದು. ಒಂದು ಪುಟದಲ್ಲಿ ಎರಡು ಗೆರೆ, ಇನ್ನೊಂದರಲ್ಲಿ ಆರು. ಡಿಸೆಂಬರ್ ಹೊತ್ತಿಗೆ ಪುಟದಲ್ಲಿ ಅಕ್ಷರಕ್ಕಿಂತ ಖಾಲಿಯೇ ಹೆಚ್ಚು. ನಾನು ಮಾಡಿದ ಪಟ್ಟಿ ಹೇಗೆ ಕಾಣುತ್ತದೆ ಎಂದು ನಾನು ಮೊದಲ ಸಲ ನೋಡಿದ್ದು ಅಲ್ಲಿ.

ನೆಟ್ ನಿಧಾನವಾಗುವುದು ದೊಡ್ಡ ತಪ್ಪಲ್ಲ ಅಕ್ಕ. ಕರೆಂಟ್ ಹೋದರೆ ಇಡೀ ಓಣಿಗೆ ಹೋಗುತ್ತದೆ, ಎಲ್ಲರೂ ಹೊರಗೆ ಬಂದು ಲೈನ್‌ಮನ್‌ನನ್ನು ಬೈಯುತ್ತಾರೆ, ಯಾರೂ ತನ್ನನ್ನು ತಾನು ಬೈದುಕೊಳ್ಳುವುದಿಲ್ಲ. ಆದರೆ ಒಂದನ್ನು ಬಿಟ್ಟು ಒಂದನ್ನು ತಡೆದು, ಅದನ್ನು ಹೇಳದೆ, ಮೇಲೆ ಮುಳ್ಳು ಬೇರೆ ತೋರಿಸಿದರೆ ಹಾಗಾಗುವುದಿಲ್ಲ. ದುರ್ಗಾ ತನ್ನ ಫೋನನ್ನು ಬೈದುಕೊಂಡಳು, ಆಮೇಲೆ ಹಣೆಬರಹವನ್ನು. ನೀನು ನಿನ್ನ ದನಿಯನ್ನು, ನಿನ್ನ ಬುದ್ಧಿಯನ್ನು ಬೈದುಕೊಂಡೆ. ಅವಳು ಅಕ್ಕೋರು ನನ್ನನ್ನು ಬಿಟ್ಟರು ಎಂದುಕೊಂಡಳು, ನೀನು ಮಕ್ಕಳು ನನ್ನನ್ನು ಬಿಟ್ಟರು ಎಂದುಕೊಂಡೆ. ಯಾರೂ ಯಾರನ್ನೂ ಬಿಟ್ಟಿರಲಿಲ್ಲ.

ಮರುದಿನ ಸತ್ಯನಾರಾಯಣಪೇಟೆಗೆ ಹೋಗಿ ಪಟ್ಟಿ ತೆಗೆಯುತ್ತೇನೆ ಎಂದು ಶಶಿಯಣ್ಣನಿಗೆ ಹೇಳಿದೆ. ಅವನು ಕೆಟ್ಟವನು ಎಂದು ಬರೆದರೆ ನನಗೆ ಸುಲಭ. ಹಾಗಿಲ್ಲ. ಸೈಕಲ್ಲಿನ ಮೇಲೆ ಕೇಬಲ್ ಸುರುಳಿ ಹೊತ್ತುಕೊಂಡು ಓಣಿ ತಿರುಗಿದವನು. ಬಿಸಿಲಲ್ಲಿ ಕಂಬ ಹತ್ತುವ ಹುಡುಗರಿಗೆ ಈಗಲೂ ತಾನೇ ಮಜ್ಜಿಗೆ ತರುತ್ತಾನೆ.

‘ಲೇ ಮಾರೇಶ, ಕಂಬ ಹತ್ತಿದಾಂವ ನಾನು, ಬಿದ್ದು ಕೈ ಮುರಕೊಂಡಾಂವ ನಾನು’ ಎಂದ. ‘ನನ್ನ ಲೈನಿನಾಗ ಯಾವುದು ಮುಂದ ಹೋಗಬೇಕು ಅಂತ ನೀನು ಹೇಳ್ತೀಯೇನು?’

‘ಕಂಬ ಸರ್ಕಾರದ್ದಣ್ಣ’ ಎಂದೆ.

ಅವನಿಗೆ ನಗು ಬಂತು. ‘ಬಾಯಿ ಐತಿ ನಿನಗ. ಕೇಳಿಲ್ಲಿ. ಆ ದೊಡ್ಡ ವಿಡಿಯೊ ಕಂಪನ್ಯಾರು ನನ್ನ ಅರ್ಧ ಲೈನ್ ತಿಂತಾರ. ಕುರುಗೋಡು ಎಲ್ಲೈತಿ ಅಂತನೂ ಅವರಿಗೆ ಗೊತ್ತಿಲ್ಲ. ಇವರು ಇಲ್ಲಿತನ ಬಂದು ಚಾ ಕುಡಿದು ಮಾತಾಡಿದ್ರು. ಆ್ಯಂಬುಲೆನ್ಸ್ ಬಂದ್ರ ದಾರಿ ಬಿಡಾಂಗಿಲ್ಲೇನು? ಹಂಗಂತ ತಿಳಕೋ.’

‘ಆ್ಯಂಬುಲೆನ್ಸಿಗೆ ಮಂದಿ ನೋಡಿ, ತಾವಾಗೇ ದಾರಿ ಬಿಡ್ತಾರ. ಇಲ್ಲಿ ಮಂದಿಗೆ ಗೊತ್ತೇ ಇಲ್ಲಲ್ಲಣ್ಣ.’

‘ಗೊತ್ತಾದ್ರ ಏನ್ ಮಾಡ್ತಾರ? ಬ್ಯಾಡಂದ್ರ ಬ್ಯಾರೆ ಕಡಿ ಹೋಗ್ಲಿ.’

‘ಬ್ಯಾರೆ ಕಡಿ ಯಾವುದೈತಿ?’

ಶಶಿಯಣ್ಣ ಚಹಾ ತರಿಸಿದ. ಬಶಿಯಲ್ಲಿ ಸುರಿದುಕೊಂಡು, ಆರಿಸಿಕೊಂಡು, ಸಿರುಗುಪ್ಪದಲ್ಲಿ ಹೊಸ ಆಫೀಸು ತೆರೆಯುತ್ತೇನೆ, ಅದನ್ನು ನೀನೇ ನೋಡಿಕೋ, ಗಾಡಿ ಕೊಡಿಸುತ್ತೇನೆ, ಅಕ್ಕನೂ ಅಲ್ಲೇ ಇದ್ದಾಳಲ್ಲ ಎಂದ. ನನಗೆ ಆಸೆಯಾಯಿತು. ಎರಡು ದಿನ ಆ ಆಸೆಯನ್ನು ಇಟ್ಟುಕೊಂಡೇ ಓಡಾಡಿದೆ. ನಿನ್ನ ಜೊತೆ ಇರಬಹುದು, ನಿನಗೆ ಏನೂ ಗೊತ್ತಾಗುವುದಿಲ್ಲ, ನಾನು ಆಫೀಸಿನ ಮ್ಯಾನೇಜರ್. ಮೂರನೇ ದಿನ ಬೆಳಿಗ್ಗೆ ಆಫೀಸಿನ ಫೈಲಿನಿಂದ ಲೈಸೆನ್ಸ್ ಕಾಗದ ತೆಗೆದು, ಒಂದೊಂದೇ ಪದದ ಅರ್ಥ ಹುಡುಕಿಕೊಂಡು ಓದಿದೆ. ಲೈನಿನಲ್ಲಿ ಹೋಗುವುದರ ಒಳಗೆ ಏನಿದೆ ಎಂದು ನೋಡಿ ಒಂದಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಮಾಡಬಾರದು ಎಂದು ಅದರಲ್ಲೇ ಬರೆದಿದೆ. ಆ ಮೇಲೆ ಪಟ್ಟಿ ಅಳಿಸಿದೆ. ಮಧ್ಯಾಹ್ನಕ್ಕೆ ಶಶಿಯಣ್ಣ ಅದನ್ನು ಬೇರೆಯವರಿಂದ ಮತ್ತೆ ಹಾಕಿಸಿದ. ನನ್ನ ಕೈಯಿಂದ ಆಫೀಸಿನ ಕೀಲಿ ಇಸಿದುಕೊಂಡ. ಬೈಯಲಿಲ್ಲ. ‘ನಿನಗ ಒಳ್ಳೇದು ಮಾಡಾಕ ಹೋದೆ’ ಎಂದಷ್ಟೇ ಹೇಳಿದ.

ಆಮೇಲೆ ಮುಳ್ಳು ತೋರಿಸಿದ ಮನೆಗಳಿಗೆ ಮತ್ತೆ ಹೋದೆ. ನಲವತ್ತಕ್ಕೂ ಹೋದೆ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತಾರು ಮನೆ ಆಗಿವೆ. ಒಬ್ಬರು ಬಾಗಿಲು ಹಾಕಿಕೊಂಡರು. ಕೆಲವರಿಗೆ ನಾನು ಏನು ಹೇಳುತ್ತಿದ್ದೇನೆ ಎಂದೇ ತಿಳಿಯಲಿಲ್ಲ. ಒಬ್ಬ ಹಿರಿಯರು ಎಲ್ಲ ಕೇಳಿಸಿಕೊಂಡು, ‘ಹಂಗಾದ್ರ ನಮ್ಮನ್ನೂ ಆ ಸ್ಪೆಷಲ್ ದರ್ಶನದಾಗ ಹಾಕಿಬಿಡಪಾ, ಪುಣ್ಯ ಬರ್ತೈತಿ’ ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ನಮ್ಮ ಮನೆಗೆ ಮಾಡಿದ್ದು ಅದೇ ಅಲ್ಲವೇ? ಪಾರಮ್ಮ ಮಾತ್ರ ಮೆಣಸಿನಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ‘ನಿಮ್ಮಕ್ಕಗ ಹೇಳೀಯೇನು?’ ಎಂದಳು. ಇಲ್ಲ ಎಂದೆ. ‘ಮತ್ತ ಇಲ್ಲಿಗೆ ಯಾಕ ಬಂದಿ? ಮೊದಲು ಅಲ್ಲಿ ಹೇಳಿ ಬಾ.’

ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಜ್ಯೋತಿಲಕ್ಷ್ಮಿ ಎಂಬ ವಕೀಲರಿದ್ದಾರೆ. ಹಳೆಯ ಹೆಂಚಿನ ಬಂಗಲೆಯ ಒಂದು ಕೋಣೆಯಲ್ಲಿ ಅವರ ಆಫೀಸು. ಮನೆಗಳವರ ಸಹಿ ತೆಗೆದುಕೊಂಡು ಅವರ ಹತ್ತಿರ ಹೋದೆ. ಶಶಿಯಣ್ಣ ಹೇಳಿದ ಮಾತುಗಳನ್ನೂ ಹೇಳಿದೆ, ಏಕೆಂದರೆ ಅವಕ್ಕೆಲ್ಲ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ದೊಡ್ಡ ಕಂಪನಿಗಳ ಬಗ್ಗೆ ಅವನು ಹೇಳಿದ್ದು ಅರ್ಧ ನಿಜ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರು ಕೇಳಿ ಹೇಳಿದರು: ‘ಲೈನ್ ತುಂಬಿತು ಅಂತ ಎಲ್ಲಾರಿಗೂ ಸಮ ನಿಧಾನ ಮಾಡಿ, ಬೋರ್ಡ್ ಹಾಕಿ ಹೇಳಿದ್ರ ಅದು ವ್ಯವಸ್ಥಾ. ಒಬ್ಬರ್ನ ಆರಿಸಿ ತಡೆದು ಮುಚ್ಚಿಟ್ರ ಅದು ಮೋಸ. ಆದ್ರ ಬರೇ ಗಿರಾಕಿಗಳು ಹೇಳಿದ್ರ ಮುಳ್ಳು ತೋರಿಸಿಬಿಡ್ತಾರ. ಮಾಡಿದ ಕೈ ಹೇಳಬೇಕು. ಹೇಳಿಕಿಯಾಗ ನಿನ್ನ ಹೆಸರೂ ಬರ್ತೈತಿ, ನಿನ್ನ ಮ್ಯಾಲೂ ಬರಬಹುದು. ತಿಳಿದು ಸಹಿ ಮಾಡು.’ ಎಷ್ಟು ಓದಿದ್ದೀ ಎಂದು ಕೇಳಿದರು. ಒಂಬತ್ತು ಬಿಟ್ಟಿದ್ದೇನೆ ಎಂದೆ. ‘ಹಂಗಾದ್ರ ನಾನೇ ಓದಿ ಹೇಳ್ತೀನಿ’ ಎಂದರು. ‘ಓದಾಕ ಬರ್ತೈತ್ರಿ, ಬಿಟ್ಟಿದ್ದು ಸಾಲಿ ಅಷ್ಟ’ ಎಂದೆ. ಅವರು ನಕ್ಕು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಇನ್ನೂ ಸಹಿ ಮಾಡಿಲ್ಲ. ಅಕ್ಕನಿಗೆ ಮೊದಲು ತಿಳಿಸಿ ಬರುತ್ತೇನೆ ಎಂದು ಹೇಳಿ ಬಂದೆ.

ಈ ಕಾಗದ ಅದೇ. ಸಹಿಯಾದ ಮೇಲೆ ಕುರುಗೋಡಿನಲ್ಲಿ ನನಗೆ ಈ ಕೆಲಸ ಯಾರೂ ಕೊಡುವುದಿಲ್ಲ. ಬಳ್ಳಾರಿಯಲ್ಲಿ ನನ್ನ ಗೆಳೆಯ ಸಮ್ರಾಟ್ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಲ್ಲೇ ಇರುತ್ತೇನೆ. ಅವ್ವನಿಗೆ ಎಲ್ಲ ಹೇಳಿದ್ದೇನೆ. ಅವಳು ಒಳಮನೆಗೆ ಹೋಗಿ ನಿನ್ನ ಕಪ್ಪು ಗೋಡೆಯನ್ನು ಸೆರಗಿನಿಂದ ಒರೆಸಿ ಬಂದಳು. ಇಷ್ಟು ದಿನ ಅದರ ಮೇಲೆ ನೀನು ಕೊನೆಯ ದಿನ ಬರೆದದ್ದು ಹಾಗೇ ಇತ್ತು.

ನಿನ್ನಿಂದ ಕ್ಷಮೆ ಕೇಳುತ್ತಿಲ್ಲ. ಅದನ್ನು ಬುಧವಾರದೊಳಗೆ ಕೊಡು ಎನ್ನುವುದು ನ್ಯಾಯವಲ್ಲ. ಹೆಡ್ ಮಾಸ್ತರರಿಗೆ ಹೌದು ಎನ್ನು ಎಂದೂ ಹೇಳುವುದಿಲ್ಲ. ಮಿಲ್ಲಿನ ಕೆಲಸ ನಿನಗೆ ಹಿಡಿಸಿದ್ದರೆ ಅಲ್ಲೇ ಇರು. ಬೇಡವೆಂದರೆ ಬೇಡ ಎಂದು ಬರೆ. ಕಲಿಸಲು ಬರುವುದಿಲ್ಲ ಎಂಬ ಕಾರಣ ಮಾತ್ರ ಬರೆಯಬೇಡ. ಅದು ನಿನ್ನದಲ್ಲ, ನಾನು ಮಾಡಿಕೊಟ್ಟದ್ದು.

ಅವ್ವ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಕಡಿಮೆಯಾಗಿದೆ. ನಾನೂ ಚೆನ್ನಾಗಿದ್ದೇನೆ.

ಸುಳ್ಳು ಹೇಳಿದ, ಇನ್ನು ಹೇಳದ ನಿನ್ನ ತಮ್ಮ,
ಮಾರೇಶ

ತಾ.ಕ.: ಲಕೋಟೆ ದಪ್ಪ ಯಾಕೆ ಎಂದರೆ, ಒಳಗೆ ದುರ್ಗಾದೇವಿಯ ನೋಟ್‌ಬುಕ್ ಇದೆ. ಅವಳನ್ನು ಕೇಳಿಯೇ ತಂದದ್ದು, ಮುಂದಿನ ಪರೀಕ್ಷೆಗೆ ಕಟ್ಟುತ್ತಾಳಂತೆ, ವಾಪಸ್ ಬೇಕಂತೆ. ಖಾಲಿ ಗೆರೆಗಳಲ್ಲಿ ಪೆನ್ಸಿಲಿನಿಂದ ತುಂಬಿದವನು ನಾನು. ಒಂಬತ್ತು ಬಿಟ್ಟವನಿಗೆ ಹತ್ತರ ಲೆಕ್ಕ ಹೇಗೆ ಬಂತು ಎಂದು ಕೇಳುತ್ತೀ. ಕೊಟ್ರಮ್ಮ ನಮ್ಮ ಕುರುಗೋಡು ಆಫೀಸಿನ ಕಸ ಹೊಡೆಯುವ ಅಮ್ಮ. ಸ್ಟಾಫ್ ಲೈನಿನಲ್ಲಿ ಟೆಸ್ಟಿಂಗಿಗೆ ಇಟ್ಟ ಟ್ಯಾಬ್‌ನಲ್ಲಿ ಅವಳ ಹೆಸರು ಹಾಕಿದ್ದೆವು. ಏಳರಿಂದ ಎಂಟು ಅದರ ಮುಂದೆ ದಿನಾ ಕೂರುತ್ತಿದ್ದವನು ನಾನು. ಇಡೀ ಕುರುಗೋಡಿನಲ್ಲಿ ನಿನ್ನ ಪಾಠ ಒಮ್ಮೆಯೂ ನಿಲ್ಲದೆ ಕಂಡದ್ದು ನಮ್ಮ ಮನೆಯಲ್ಲಿ, ಆಫೀಸಿನ ಆ ಕೋಣೆಯಲ್ಲಿ, ಅಷ್ಟೇ. ನೀನು ಮಾತಾಡವಾ ಎಂದಾಗ ಏನು ಮಾತಾಡಬೇಕು ಎಂದು ನನಗೆ ಗೊತ್ತಿತ್ತು, ಆಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಡೆ ನನಗೂ ಬರಲಿಲ್ಲ, ಅವು ಖಾಲಿ ಇವೆ. ಸಹಿ ಮಾಡಲು ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಬಳ್ಳಾರಿಗೆ ಹೊರಡುತ್ತೇನೆ.